ಮಡಿಯ ಮರೆಯಲ್ಲಿ ಅಡಗಿದ ಗೀಳು: ಯಾವ ತಜ್ಞರ ಬಳಿ ಹೋಗಬೇಕು?

ತೊಳೆದು ತೊಳೆದು ಕೈಬೆರಳಿನ ಸಂದುಗಳು ಬಿರಿದಿವೆ. ನಲ್ಲಿ ಮುಟ್ಟಿದ್ದಕ್ಕೆ ಇನ್ನೊಮ್ಮೆ, ಚಿಲಕ ಮುಟ್ಟಿದ್ದಕ್ಕೆ ಮತ್ತೊಮ್ಮೆ ತೊಳೆಯಬೇಕು. ಸ್ನಾನಕ್ಕೇ ಎರಡು ಗಂಟೆ. ನಮ್ಮ ಎಷ್ಟೋ ಮನೆಗಳಲ್ಲಿ ಇಂಥವರನ್ನು ‘ಅವರಿಗೆ ಮಡಿ ಜಾಸ್ತಿ’ ಎಂದು ಸುಮ್ಮನಾಗುತ್ತಾರೆ. ರೋಗ ವರ್ಷಗಟ್ಟಲೆ ಮರೆಯಲ್ಲೇ ಬೆಳೆಯುತ್ತದೆ. ಮಡಿ ಮಾಡುವವರಿಗೆ ಕೆಲಸ ಮುಗಿದ ಮೇಲೆ ನೆಮ್ಮದಿ ಸಿಗುತ್ತದೆ. ಗೀಳು ಕಾಯಿಲೆ, ಅಂದರೆ ಓಸಿಡಿ ಇರುವವರಿಗೆ ‘ಮುಗಿಯಿತು’ ಎನ್ನಿಸುವುದೇ ಇಲ್ಲ.

ಕೊನೆಗೊಂದು ದಿನ ಮನೆಯವರು ಆಸ್ಪತ್ರೆಗೆ ಹೊರಡುತ್ತಾರೆ. ಆದರೆ ಯಾರ ಬಳಿಗೆ? ಹಲವರು ‘ನರದ ಡಾಕ್ಟರ’ ಹತ್ತಿರ ಹೋಗುತ್ತಾರೆ. ನರರೋಗ ತಜ್ಞರು ಮುಖ್ಯವಾಗಿ ನೋಡುವುದು ಪಾರ್ಶ್ವವಾಯು, ಮೂರ್ಛೆರೋಗದಂಥ ಕಾಯಿಲೆಗಳನ್ನು. ಗೀಳಿಗೆ ಬೇಕಾದವರು ಮನೋವೈದ್ಯರು. ಇವರು ಎಂಬಿಬಿಎಸ್ ಮುಗಿಸಿ, ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ.ಯಂಥ ಸ್ನಾತಕೋತ್ತರ ಪದವಿ ಪಡೆದ ವೈದ್ಯರು. ಜೊತೆಯಲ್ಲಿ ಖಿನ್ನತೆ ಇದೆಯೇ, ದೇಹದಲ್ಲಿ ಬೇರೆ ತೊಂದರೆ ಇದೆಯೇ ಎಂದು ನೋಡಿ ಔಷಧಿ ಬರೆಯುತ್ತಾರೆ. ಮಿದುಳಿನ ಸಿರೊಟೋನಿನ್ ಎಂಬ ರಾಸಾಯನಿಕದ ವ್ಯವಸ್ಥೆಯ ಮೇಲೆ ಕೆಲಸ ಮಾಡುವ ಈ ಮಾತ್ರೆಗಳು ಖಿನ್ನತೆಗೂ ಬಳಕೆಯಾಗುತ್ತವೆ. ಗೀಳಿಗಾದರೆ ಹಲವರಿಗೆ ಪ್ರಮಾಣ ಹೆಚ್ಚು ಬೇಕು, ಗುಣ ಕಾಣಲು 8ರಿಂದ 12 ವಾರ ಕಾಯಬೇಕು. ‘ತಿಂಗಳು ನುಂಗಿದೆ, ಏನೂ ಆಗಲಿಲ್ಲ’ ಎಂದು ತಾವಾಗಿಯೇ ನಿಲ್ಲಿಸಿಬಿಟ್ಟರೆ ಔಷಧಿಗೆ ಅವಕಾಶವನ್ನೇ ಕೊಟ್ಟಂತಾಗುವುದಿಲ್ಲ.

ಮಾತ್ರೆ ಬರೆಯುವ ಅಧಿಕಾರ ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ, ಅಂದರೆ ಕ್ಲಿನಿಕಲ್ ಸೈಕಾಲಜಿಸ್ಟರಿಗೆ ಇಲ್ಲ. ಹಾಗೆಂದು ಅವರನ್ನು ಅರ್ಧ ಡಾಕ್ಟರೆಂದು ತಿಳಿಯುವುದು ದೊಡ್ಡ ತಪ್ಪು. ಇವರಲ್ಲಿ ಹೆಚ್ಚಿನವರು ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯ ನಂತರ, ರೋಗಿಗಳ ನಡುವೆಯೇ ತರಬೇತಿ ಪಡೆಯುವ ಎರಡು ವರ್ಷದ ಎಂ.ಫಿಲ್. ಮಾಡಿದವರು. ಗೀಳಿನ ವಿಷಯದಲ್ಲಿ ಅವರ ಕೈಯಲ್ಲಿರುವ ವಿದ್ಯೆ ಅಪರೂಪದ್ದು. ಚಿಲಕ ಮುಟ್ಟಿ ಎನ್ನುತ್ತಾರೆ. ಈಗ ತೊಳೆಯಬೇಡಿ ಎನ್ನುತ್ತಾರೆ. ಎದೆ ಹೊಡೆದುಕೊಳ್ಳುತ್ತದೆ, ಕಳವಳ ಏರುತ್ತಾ ಹೋಗುತ್ತದೆ. ತಡೆದು ಕುಳಿತರೆ ಅದು ತಾನಾಗಿಯೇ ಇಳಿಯುತ್ತದೆ. ತೊಳೆದ ಪ್ರತಿ ಸಲವೂ ಮಿದುಳು ‘ತೊಳೆದದ್ದರಿಂದಲೇ ಬಚಾವಾದೆ’ ಎಂದು ಕಲಿತಿರುತ್ತದೆ. ಆ ಪಾಠವನ್ನು ಅಳಿಸುವ ದಾರಿ ಇದು. ಕಡಿಮೆ ಹೆದರಿಸುವ ವಸ್ತುವಿನಿಂದ ಆರಂಭಿಸಿ, ರೋಗಿಯ ಒಪ್ಪಿಗೆಯೊಂದಿಗೇ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತಾರೆ. ಹತ್ತಾರು ಭೇಟಿಗಳ ತಾಳ್ಮೆಯ ಕೆಲಸ.

ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಇಲ್ಲಿನ ಒಂದು ಸೂಕ್ಷ್ಮ. ಆಪ್ತಸಮಾಲೋಚಕರು, ಅಂದರೆ ಕೌನ್ಸೆಲರ್‌ಗಳು, ದಾಂಪತ್ಯದ ಬಿರುಕು, ಪರೀಕ್ಷೆಯ ಭಯ, ಅಗಲಿಕೆಯ ದುಃಖದಲ್ಲಿ ನಿಜಕ್ಕೂ ಆಸರೆಯಾಗುತ್ತಾರೆ. ಆದರೆ ಗೀಳಿನ ಚಿಕಿತ್ಸೆಯ ತರಬೇತಿ ಇಲ್ಲದವರು ಒಳ್ಳೆಯ ಮನಸ್ಸಿನಿಂದಲೇ ‘ಏನೂ ಆಗುವುದಿಲ್ಲ, ಕೈ ಚೊಕ್ಕಟವಾಗಿದೆ’ ಎಂದು ಮತ್ತೆ ಮತ್ತೆ ಧೈರ್ಯ ಹೇಳಿದರೆ, ಆ ಧೈರ್ಯವೇ ಇನ್ನೊಂದು ಬಗೆಯ ಕೈತೊಳೆತವಾಗುತ್ತದೆ. ಕೇಳಿದ ಗಳಿಗೆಗೆ ಹಾಯೆನಿಸಿ, ಗೀಳು ಗಟ್ಟಿಯಾಗುತ್ತದೆ.

ಮನೆಯವರೂ ಇದನ್ನೇ ಮಾಡುತ್ತಿರುತ್ತಾರೆ. ಮಗಳಿಗಾಗಿ ನಲ್ಲಿ ತಿರುಗಿಸುವ ತಾಯಿ, ಜಗಳ ಬೇಡವೆಂದು ಹೊರಗಿನಿಂದ ಬಂದ ಕೂಡಲೇ ಸ್ನಾನ ಮಾಡುವ ಗಂಡ. ಬೈಯದೆ, ಗೀಳಿಗೂ ಮಣಿಯದೆ ಇವರು ಹೇಗೆ ಹಿಂದೆ ಸರಿಯಬೇಕೆಂದು ಕಲಿಸುವವರು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು. ಇವರ ಹೆಸರನ್ನು ನಮ್ಮಲ್ಲಿ ಕೇಳಿದವರೇ ಕಡಿಮೆ.

ಬೋರ್ಡು ನೋಡಿ ನಂಬಬೇಕಾಗಿಲ್ಲ. ಮನೋವೈದ್ಯರ ಹೆಸರು ವೈದ್ಯಕೀಯ ಪರಿಷತ್ತಿನಲ್ಲೂ ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲೂ ನೋಂದಣಿಯಾಗಿರಬೇಕು. ಸಂಖ್ಯೆ ಕೇಳುವುದು ಅಗೌರವವಲ್ಲ. ಆಪ್ತಸಮಾಲೋಚಕರಿಗೆ ಇಂಥ ಗಟ್ಟಿ ನೋಂದಣಿ ಇನ್ನೂ ನೆಲೆಯೂರಿಲ್ಲ. ಆದ್ದರಿಂದ ಎಲ್ಲಿ, ಎಷ್ಟು ವರ್ಷ ಕಲಿತಿರಿ ಎಂದು ನೇರವಾಗಿ ಕೇಳಿ. ಗೀಳಿಗೆ ಹೇಗೆ ಚಿಕಿತ್ಸೆ ಕೊಡುತ್ತೀರಿ ಎಂದು ಯಾರನ್ನಾದರೂ ಕೇಳಬಹುದು.

ಇಷ್ಟು ತಜ್ಞರು ಒಂದೇ ಸೂರಿನಡಿ ಸಿಗುವುದು ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಕೆಲವೇ ಕಡೆ. ದೂರದ ಊರಿನವರು ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಬಹುದು. ಮನೆಯಿಂದ ಹೊರಡಲೂ ಆಗದಿದ್ದರೆ, 2022ರಲ್ಲಿ ಆರಂಭವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು. ಮೊದಲು ಮಾತಿಗೆ ಸಿಗುವವರು ತರಬೇತಾದ ಸಮಾಲೋಚಕರು; ಅಗತ್ಯವಿದ್ದರೆ ಮುಂದಿನ ತಜ್ಞರಿಗೆ ಅವರೇ ದಾಟಿಸುತ್ತಾರೆ.