ಪ್ರೊಪೀನ್‌ನಲ್ಲಿ ಬ್ರೋಮಿನ್ ಕೂರೋದು ನಡುವಲ್ಲೋ ತುದೀಲೋ?

ಪ್ರೊಪೀನ್‌ಗೆ, ಅಂದ್ರೆ ಮೂರು ಕಾರ್ಬನ್ ಇರೋ ಆಲ್ಕೀನ್‌ಗೆ, ಹೈಡ್ರೋಜನ್ ಬ್ರೋಮೈಡ್ ಸೇರಿಸಿದ್ರೆ ಬ್ರೋಮಿನ್ ನಡುವಿನ ಕಾರ್ಬನ್‌ಗೆ ಹೋಗತ್ತೆ ಅಂತ ಪುಸ್ತಕದ ಒಂದು ಪುಟ ಹೇಳತ್ತೆ, ಪುಟ ತಿರುಗಿಸಿದ್ರೆ ಪೆರಾಕ್ಸೈಡ್ (ಆಕ್ಸಿಜನ್-ಆಕ್ಸಿಜನ್ ಬಾಂಡ್ ಇರೋ ವಸ್ತು) ಇದ್ದಾಗ ತುದಿಗೆ ಹೋಗತ್ತೆ ಅಂತ ಇರತ್ತೆ. ಈ ಎರಡು ಸಾಲಿನ ಮಧ್ಯೆ ಅರವತ್ತು ವರ್ಷದ ಕಿತ್ತಾಟ ಇದೆ, ಅದನ್ನ ಮಾತ್ರ ಯಾರೂ ಹೇಳಲ್ಲ.

ಆಲ್ಕೀನ್ ಅಂದ್ರೆ ಕಾರ್ಬನ್-ಕಾರ್ಬನ್ ಡಬಲ್ ಬಾಂಡ್ ಇರೋ ಅಣು, ಆ ಡಬಲ್‌ನಲ್ಲಿ ಒಂದು ಗಟ್ಟಿ ಬಾಂಡ್ (ಸಿಗ್ಮಾ), ಒಂದು ಸಡಿಲ ಬಾಂಡ್ (ಪೈ). ಪೈ ಎಲೆಕ್ಟ್ರಾನುಗಳು ಅಣುವಿನ ಸಮತಲದ ಮೇಲೆ ಕೆಳಗೆ ಹರಡಿಕೊಂಡಿರ್ತವೆ, ಹಿಡಿತ ಸಡಿಲ, ಅದಕ್ಕೇ ಎಲೆಕ್ಟ್ರಾನ್ ಬೇಕಾದ ಕಣ ಬಂದ್ರೆ ಮೊದಲು ಅಲ್ಲೇ ಅಂಟೋದು. 18ನೇ ಶತಮಾನದ ಕೊನೇಲೇ ಡಚ್ ಕೆಮಿಸ್ಟುಗಳು ಎಥಿಲೀನ್‌ಗೆ ಕ್ಲೋರಿನ್ ಸೇರಿಸಿ ಎಣ್ಣೆಯಂಥ ದ್ರವ ಪಡೆದಿದ್ರು, 1874ರಲ್ಲಿ ವಾಂಟ್ ಹಾಫ್ ಸಿಸ್-ಟ್ರಾನ್ಸ್ ರೂಪಗಳಿಗೆ (ಡಬಲ್ ಬಾಂಡ್‌ನ ಒಂದೇ ಪಕ್ಕ ಇಲ್ಲಾ ಎದುರು ಪಕ್ಕ ಗುಂಪುಗಳಿರೋ ರೂಪಗಳು) ಕಾರಣ ಕೊಟ್ರು.

ಇವೆರಡರ ನಡುವೆ, 1870ರ ಸುಮಾರಿಗೆ, ರಷ್ಯಾದ ಮಾರ್ಕೊವ್ನಿಕೋವ್ ತಮ್ಮ ನಿಯಮ ಹೇಳಿದ್ದು: ಹೆಚ್ಚು ಹೈಡ್ರೋಜನ್ ಇರೋ ಕಾರ್ಬನ್‌ಗೇ ಹೊಸ ಹೈಡ್ರೋಜನ್. ಕಾರಣ ಆಮೇಲೆ ಗೊತ್ತಾಯ್ತು, ಪ್ರೋಟಾನ್ (ಎಲೆಕ್ಟ್ರಾನ್ ಕಳಕೊಂಡ ಹೈಡ್ರೋಜನ್) ತುದೀಲಿ ಕೂತ್ರೆ ನಡುವಿನ ಕಾರ್ಬನ್ ಮೇಲೆ ಪಾಸಿಟಿವ್ ಚಾರ್ಜ್ ಬರತ್ತೆ, ಹಾಗೆ ಚಾರ್ಜ್ ಹೊತ್ತ ಕಣ, ಅಂದ್ರೆ ಕಾರ್ಬೊಕ್ಯಾಟಯಾನ್, ಹೆಚ್ಚು ಸ್ಥಿರ, ಬ್ರೋಮಿನ್ ಬಂದು ಅಲ್ಲೇ ಕೂರತ್ತೆ. ಆದ್ರೆ ಕಾರಣ ಸಿಗೋ ಮುಂಚೇನೇ ನಿಯಮ ಶಾಸನ ಆಗೋಗಿತ್ತು, ಕೆಲವರಿಗೆ ಬ್ರೋಮಿನ್ ತುದೀಲಿ ಕೂತ ಉಲ್ಟಾ ರಿಸಲ್ಟ್ ಬಂದ್ರೆ ಬೆಳಕು, ದ್ರಾವಕ, ಟೆಂಪರೇಚರ್ ಅಂತ ಏನೇನೋ ಸಬೂಬು.

ಚಿಕಾಗೋದಲ್ಲಿ ಖರಾಷ್ ಮತ್ತು ಮೇಯೋ ಅನ್ನೋ ಕೆಮಿಸ್ಟುಗಳು ಇದನ್ನ ಅಲೈಲ್ ಬ್ರೋಮೈಡ್ (ಒಂದು ತುದೀಲಿ ಆಗಲೇ ಬ್ರೋಮಿನ್ ಇರೋ ಪ್ರೊಪೀನ್) ಇಟ್ಕೊಂಡು ಕೆದಕಿದ್ರು, ಶುದ್ಧ ಸ್ಯಾಂಪಲ್ ಗಾಳಿ ಇಲ್ಲದೆ ನಿಧಾನಕ್ಕೆ 1,2-ಡೈಬ್ರೋಮೋಪ್ರೊಪೇನ್ (ಹೊಸ ಬ್ರೋಮಿನ್ ನಡುವಲ್ಲಿ) ಕೊಡ್ತು, ಗಾಳಿ ತಾಗಿದ್ದು ಬೇಗನೇ 1,3 (ಹೊಸ ಬ್ರೋಮಿನ್ ತುದೀಲಿ) ಕೊಡ್ತು. ಅಂದ್ರೆ ಜಗಳ ಆಡಿದ ಎರಡೂ ಕಡೆಯವರು ಸರಿಯಾಗೇ ನೋಡಿದ್ರು, ಬಾಟಲಿಯೊಳಗೆ ಆಕ್ಸಿಜನ್ ಸೇರಿ ಚೂರೇ ಚೂರು ಪೆರಾಕ್ಸೈಡ್ ಆಗಿತ್ತು ಅಷ್ಟೇ. 1933ರಲ್ಲಿ ಇದು ಪ್ರಕಟವಾಯ್ತು. ಪೆರಾಕ್ಸೈಡ್‌ನಿಂದ ಬ್ರೋಮಿನ್ ರ‍್ಯಾಡಿಕಲ್ (ಜೋಡಿಯಿಲ್ಲದ ಎಲೆಕ್ಟ್ರಾನ್ ಇರೋ ಕಣ) ಹುಟ್ಟಿ, ಹೈಡ್ರೋಜನ್‌ಗಿಂತ ಮೊದಲು ಅದೇ ಹೋಗಿ ತುದೀಲಿ ಕೂರತ್ತೆ, ಯಾಕಂದ್ರೆ ಆಗ ಉಳಿಯೋ ರ‍್ಯಾಡಿಕಲ್ ನಡುವಿನ ಕಾರ್ಬನ್ ಮೇಲಿರತ್ತೆ, ಅದೇ ಹೆಚ್ಚು ಸ್ಥಿರ. ನೋಡಿದ್ರೆ ಎರಡೂ ದಾರೀಲಿ ತರ್ಕ ಒಂದೇ, ಮೊದಲು ಬರೋದು ಯಾರು ಅನ್ನೋದಷ್ಟೇ ಬೇರೆ. ಇದನ್ನ ಬಿಟ್ಟು ಎರಡು ನಿಯಮ ಉರು ಹೊಡೆಸೋದು ಯಾಕೋ ನಂಗೆ ಅರ್ಥ ಆಗಲ್ಲ.

ಹೈಡ್ರೋಜನ್ ಕ್ಲೋರೈಡ್‌ಗೆ ಈ ಆಟ ನಡೆಯಲ್ಲ, ಅದರ ಬಾಂಡ್ ಗಟ್ಟಿ, ಒಂದು ರ‍್ಯಾಡಿಕಲ್ ಇನ್ನೊಂದನ್ನ ಹುಟ್ಟಿಸೋ ಸರಪಳಿ ಮುಂದೆ ಹೋಗಲ್ಲ. ಹೈಡ್ರೋಜನ್ ಅಯೋಡೈಡ್‌ನಲ್ಲಿ ಬಾಂಡ್ ಸುಲಭವಾಗಿ ಮುರಿಯತ್ತೆ, ಆದ್ರೆ ಅಯೋಡಿನ್ ಪರಮಾಣು ಆಲ್ಕೀನ್‌ಗೆ ಸೇರೋಕೆ ಹೊರಗಿಂದ ಶಕ್ತಿ ಬೇಕು. ಇನ್ನು ಮಾರ್ಕೊವ್ನಿಕೋವ್ ನಿಯಮಕ್ಕೆ ಉಲ್ಟಾ ಆಲ್ಕೀನ್‌ಗೆ ನೀರನ್ನ ಸೇರಿಸೋ ದಾರಿ, ಮೊದಲು ಬೋರಾನ್ ಅಂಟಿಸೋ ಕೆಮಿಸ್ಟ್ ಬ್ರೌನ್ ಅವರ ಹೈಡ್ರೋಬೋರೇಷನ್, 1950ರ ದಶಕದ್ದು. ಅದರಲ್ಲೂ ಹೈಡ್ರೋಜನ್ ಪೆರಾಕ್ಸೈಡ್ ಬಳಸ್ತಾರೆ, ಆದ್ರೆ ಎರಡನೇ ಹಂತದಲ್ಲಿ, ಬೋರಾನ್ ತೆಗೆದು ಅಲ್ಲಿ ಓಎಚ್ ಕೂರಿಸೋಕೆ, ಅದಕ್ಕೂ ಖರಾಷ್ ಕಂಡಿದ್ದಕ್ಕೂ ಸಂಬಂಧ ಇಲ್ಲ.