ಹೊಸ ನಿಯಮಗಳು ಹಳೆಯವಕ್ಕಿಂತ ಉತ್ತಮವೇ?

ಪ್ರಶ್ನೆ: ವಿರಾಜಪೇಟೆಯ ನಾವು ಐವರು ಗೆಳೆಯರು ಮಳೆಗಾಲದ ಸಂಜೆಗಳಲ್ಲಿ ಸೇರಿ ರೋಲ್‌ಪ್ಲೇಯಿಂಗ್ ಆಟ, ಅಂದರೆ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಿನಲ್ಲೂ ದಾಳದಲ್ಲೂ ಕಥೆ ಕಟ್ಟುವ ಆಟ, ಆಡುತ್ತೇವೆ. ನಮ್ಮಲ್ಲಿ ಹಿರಿಯರಿಗೆ ಹಳೆಯ ನಿಯಮಗಳೇ ಇಷ್ಟ, ಕಿರಿಯರಿಗೆ ಹೊಸವು. ಈ ಆಟಕ್ಕೆ ಇಷ್ಟೊಂದು ಪದ್ಧತಿಗಳು ಏಕೆ ಬಂದವು? ಹೊಸದೇ ಉತ್ತಮವೇ?

ಉತ್ತರ: ಹಾಗೆ ಹೇಳಲಾಗದು. ದಾಳ ಏನನ್ನು ತೀರ್ಮಾನಿಸಬೇಕು ಎಂಬ ವಿಷಯದಲ್ಲಿ ಆಟಗಾರರ ಅಪೇಕ್ಷೆ ಬದಲಾದಂತೆಲ್ಲ ನಿಯಮಗಳೂ ಬದಲಾಗಿವೆ. ಭಾಗಮಂಡಲದ ಸಂಗಮದಲ್ಲಿ ನೀರು ಉಕ್ಕಿದೆ, ನಿಮ್ಮ ಪಾತ್ರ ಆಚೆ ದಡ ಸೇರಬೇಕು ಎಂದಿಟ್ಟುಕೊಳ್ಳಿ. ಇದನ್ನು ಬೇರೆ ಬೇರೆ ಪದ್ಧತಿಗಳು ಹೇಗೆ ತೀರ್ಮಾನಿಸುತ್ತವೆ ನೋಡೋಣ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಸಣ್ಣ ಗೊಂಬೆಗಳ ಯುದ್ಧದಾಟದಿಂದ ಬೆಳೆದು ಬಂದದ್ದು. ಅದರಲ್ಲಿ ಕಾದಾಟಕ್ಕೆ ನಿಯಮಗಳಿದ್ದವು. ಹೊಳೆ ದಾಟುವಂಥ ಕೆಲಸದಲ್ಲಿ ಹಗ್ಗವನ್ನು ಯಾವ ಮರಕ್ಕೆ ಕಟ್ಟುವಿರಿ, ಬಿದಿರಿನ ಗಳುವಿನಿಂದ ಆಳ ನೋಡುವಿರಾ ಎಂದು ಆಟ ನಡೆಸುವವರು ಕೇಳಿ, ನಿಮ್ಮ ಉಪಾಯವನ್ನು ತೂಗಿ ತೀರ್ಪು ಕೊಡುತ್ತಿದ್ದರು. ನಿಮ್ಮ ಹಿರಿಯರಿಗೆ ಹಿಡಿಸಿರುವುದು ಬಹುಶಃ ಇದೇ, ಮತ್ತು ಅದು ನಿಜಕ್ಕೂ ದೊಡ್ಡ ಸುಖ.

ಆದರೆ ತೀರ್ಪು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗುತ್ತಿದ್ದುದರಿಂದ, ಪಾತ್ರದ ಸಾಮರ್ಥ್ಯವನ್ನು ಅಂಕಿಯಲ್ಲಿ ಬರೆದಿಡುವ ಆಸೆ ಹುಟ್ಟಿತು. 1978ರ ರೂನ್‌ಕ್ವೆಸ್ಟ್ ಎಂಬ ಆಟ ಕೌಶಲಗಳನ್ನು ಶೇಕಡಾ ಲೆಕ್ಕದಲ್ಲಿ ಅಳೆಯಿತು. 1986ರ ಗರ್ಪ್ಸ್ ಎಂಬ ಆಟ ಯಾವ ಲೋಕದ ಕಥೆಗಾದರೂ ಒಂದೇ ನಿಯಮ ಸಾಕೆಂದು ಹೊರಟಿತು. 1991ರ ವ್ಯಾಂಪೈರ್ ಎಂಬ ಆಟ ಪಾತ್ರದ ಒಳತೋಟಿಯನ್ನು ಮುಂದಕ್ಕೆ ತಂದಿತು. 2000ದಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 3ನೇ ಆವೃತ್ತಿಯಲ್ಲಿ 20 ಮುಖದ ದಾಳಕ್ಕೆ ಕೌಶಲದ ಅಂಕ ಕೂಡಿಸಿ ನಿಗದಿತ ಗುರಿ ಮುಟ್ಟಿದರೆ ಹೊಳೆ ದಾಟಿದಂತೆ. ಅದರ ನಿಯಮಗಳನ್ನು ಇತರ ಪ್ರಕಾಶಕರೂ ಬಳಸಲು ಮುಕ್ತ ಪರವಾನಗಿ ಸಿಕ್ಕಿದ್ದರಿಂದ ಆ ಪದ್ಧತಿ ಎಲ್ಲೆಡೆ ಹರಡಿತು. 2008ರ 4ನೇ ಆವೃತ್ತಿ ಬೇರೆ ದಾರಿ ಹಿಡಿದಾಗ, ಹಳೆಯದನ್ನು ಬಿಡಲೊಲ್ಲದ ಬಹಳ ಮಂದಿ ಅದನ್ನೇ ತಿದ್ದಿ ಮುಂದುವರಿಸಿದ 2009ರ ಪಾತ್‌ಫೈಂಡರ್ ಎಂಬ ಆಟದ ಕಡೆಗೆ ಹೋದರು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಾಢವಾದ ತಿರುವು 2010ರ ಅಪೋಕ್ಯಾಲಿಪ್ಸ್ ವರ್ಲ್ಡ್ ಎಂಬ ಆಟ. ಅಲ್ಲಿ ಎರಡು ಸಾಮಾನ್ಯ ದಾಳಗಳ ಮೊತ್ತಕ್ಕೆ ಪಾತ್ರದ ಗುಣದ ಅಂಕ ಕೂಡಿಸಿ 10 ದಾಟಿದರೆ ಅಥವಾ ಸರಿಯಾಗಿ 10 ಬಂದರೆ ಪೂರ್ಣ ಗೆಲುವು; 7ರಿಂದ 9 ಬಂದರೆ ಗೆಲುವಿಗೆ ಬೆಲೆ ತೆರಬೇಕು. ಆಚೆ ದಡ ಸೇರುತ್ತೀರಿ, ಆದರೆ ಊರಿಗೆ ಒಯ್ಯುತ್ತಿದ್ದ ಔಷಧಿ ನೀರುಪಾಲಾಗುತ್ತದೆ. ಸೋಲು ಗೆಲುವು ಎಂದು ಎರಡೇ ಉತ್ತರ ಕೊಡುತ್ತಿದ್ದ ದಾಳ ಹೀಗೆ ಕಥೆಯನ್ನೇ ಮುಂದಕ್ಕೆ ತಳ್ಳತೊಡಗಿತು. ಅದೇ ಕಾಲದಲ್ಲಿ 1970ರ ದಶಕದ ಶೈಲಿಗೆ ಮರಳಿ, ಹಗುರ ನಿಯಮಗಳ ಪುಸ್ತಕ ಬರೆದವರೂ ಅನೇಕರು. 2014ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 5ನೇ ಆವೃತ್ತಿ ಲೆಕ್ಕಾಚಾರವನ್ನು ಸರಳಗೊಳಿಸಿ ಹೊಸಬರನ್ನು ದೊಡ್ಡ ಸಂಖ್ಯೆಯಲ್ಲಿ ಸೆಳೆಯಿತು.

ನಿಮ್ಮ ಗುಂಪು ಪದ್ಧತಿಯ ಹೆಸರಿನ ಮೇಲೆ ವಾದ ಮಾಡುವ ಬದಲು, ಈ ಹೊಳೆ ದಾಟುವ ಸನ್ನಿವೇಶವನ್ನೇ ಒಂದು ಸಂಜೆ ಆಟ ನಡೆಸುವವರ ತೀರ್ಪು, 20 ಮುಖದ ದಾಳ, ಎರಡು ದಾಳಗಳ ಮೊತ್ತ ಎಂಬ ಮೂರೂ ಬಗೆಯಲ್ಲಿ ಆಡಿ ನೋಡಲಿ. ಮಳೆಗಾಲ ಪೂರ್ತಿ ಒಂದೇ ಕಥೆ ನಡೆಸುವ ಮನಸ್ಸಿದ್ದರೆ, ಪಾತ್ರಗಳು ಹಂತಹಂತವಾಗಿ ಬಲಗೊಳ್ಳುವ 5ನೇ ಆವೃತ್ತಿ ಹೊಂದುತ್ತದೆ. ಎರಡು ಗಂಟೆಯಷ್ಟೇ ಬಿಡುವಿದ್ದರೆ ಅಪೋಕ್ಯಾಲಿಪ್ಸ್ ವರ್ಲ್ಡ್‌ನಂಥ ಎರಡು ದಾಳಗಳ ಆಟವನ್ನು ಆರಿಸಿಕೊಳ್ಳಿ.