ಫೇಸ್ ಚೇಂಜ್ ಅಂದ್ರೆ ‘ಹಂತ ಬದಲಾವಣೆ’ ಅಲ್ಲ

ಅಳಿಸಿ ಮತ್ತೆ ಬರೆಯೋ ಸಿಡಿ, ಡಿವಿಡಿ ಥರದ ರೀರೈಟಬಲ್ ಡಿಸ್ಕ್ ಬಗ್ಗೆ ಬರೀತಾ, ಅದರಲ್ಲಿರೋ ಫೇಸ್ ಚೇಂಜ್ ವಸ್ತುವಿಗೆ ‘ಹಂತ ಬದಲಾವಣೆ ವಸ್ತು’ ಅಂತ ಹಾಕಿ, ಕೆಳಗೆ ಮಂಜುಗಡ್ಡೆ ಕರಗೋ ಚಿತ್ರ ಅಂಟಿಸಿರೋದನ್ನ ಮತ್ತೆ ನೋಡ್ದೆ, ಇನ್ನು ಸುಮ್ನಿರೋಕಾಗಲ್ಲ. ಹಂತ ಅಂದ್ರೆ ಒಂದಾದ ಮೇಲೆ ಒಂದು ಬರೋದು, ಎರಡನೇ ಹಂತದ ಮತದಾನ ಅಂತೀವಲ್ಲ ಹಾಗೆ. ಇಲ್ಲಿ ಮುಂದಕ್ಕೆ ಹೋಗೋದೇನಿಲ್ಲ, ವಸ್ತು ಎರಡು ರೂಪಗಳ ನಡುವೆ ಸಾವಿರಾರು ಸಲ ಆಚೆಯಿಂದ ಈಚೆಗೆ ಓಡಾಡ್ಬೇಕು.

ಫೇಸ್ ಅನ್ನೋದರ ಬೇರು ಗ್ರೀಕಿನ ‘ಫಾಸಿಸ್’, ಅಂದ್ರೆ ಕಾಣಿಸಿಕೊಳ್ಳೋದು. ಚಂದ್ರನ ಬಗ್ಗೆ ಹೇಳೋ ಮಾತು ಅದು. ಬಿದಿಗೆಗೂ ಹುಣ್ಣಿಮೆಗೂ ಚಂದ್ರ ಒಬ್ಬನೇ, ತೋರೋ ರೂಪ ಬೇರೆ, ನಾವು ಚಂದ್ರನ ಕಲೆ ಅಂತೀವಿ. ಪಂಪ್‌ಸೆಟ್ಟಿನ ತ್ರೀ ಫೇಸ್ ಕೂಡ ಇದೇ ಪದ. ಡಿಸ್ಕಿಗೆ ಈ ಮೂಲಾರ್ಥ ಎಷ್ಟು ಚೆನ್ನಾಗಿ ಕೂರುತ್ತೆ ನೋಡಿ: ಡಿಸ್ಕಿನೊಳಗಿನ ಈ ವಸ್ತುವಿನ ಪದರದಲ್ಲಿ ಪರಮಾಣುಗಳು ಸಾಲಾಗಿ ಕೂತು ಸ್ಫಟಿಕ ಆಗಿದ್ರೆ ಲೇಸರ್ ಬೆಳಕು ಜಾಸ್ತಿ ವಾಪಸ್ ಬರುತ್ತೆ, ಚೆಲ್ಲಾಪಿಲ್ಲಿಯಾಗಿ ಗಾಜಿನ ಥರ ಇದ್ರೆ ಕಮ್ಮಿ ಬರುತ್ತೆ, ಅಷ್ಟೇ ವ್ಯತ್ಯಾಸ, ವಸ್ತು ಒಂದೇ, ಎರಡೂ ಘನವೇ.

ಹಾಗಂತ ಕರಗೋದೇ ಇಲ್ಲ ಅಂತಲ್ಲ. ಬರೆಯೋಕೆ ಲೇಸರಿನ ಜೋರಾದ ಪಲ್ಸ್ ಬಿದ್ದಾಗ ಆ ಚುಕ್ಕೆ 600 ಡಿಗ್ರಿ ಆಸುಪಾಸಿಗೆ ಹೋಗಿ ಕರಗುತ್ತೆ, ತಕ್ಷಣ ತಣ್ಣಗಾಗೋದ್ರಿಂದ ಪರಮಾಣುಗಳಿಗೆ ಸಾಲು ಕಟ್ಟೋಕೆ ಟೈಮೇ ಸಿಗಲ್ಲ, ಗಾಜಿನ ಥರ ಉಳಿಯುತ್ತೆ. ಅಳಿಸೋಕೆ, ಅಂದ್ರೆ ಮತ್ತೆ ಸ್ಫಟಿಕ ಮಾಡೋಕೆ, ಅದಕ್ಕಿಂತ ಕಡಿಮೆ ಬಿಸಿ ಸಾಕು. ಆದ್ರೆ ಡೇಟಾ ಉಳಿಯೋದು ದ್ರವದಲ್ಲಿ ಅಲ್ಲ. ಕರಗೋದೇ ಕೆಲಸ ಆಗಿರೋದು ಬಿಸಿ ಹಿಡಿದಿಡೋಕೆ ಬಳಸೋ ಮೇಣದಲ್ಲಿ, ಆ ಮಂಜುಗಡ್ಡೆ ಚಿತ್ರ ಅಲ್ಲಿಗೆ ಹಾಕಿ. ಸಿಡಿ-ಆರ್ ಅನ್ನೂ ಇದರ ಜೊತೆ ಸೇರಿಸ್ಬೇಡಿ, ಅದ್ರಲ್ಲಿರೋದು ಬಣ್ಣದ ಪದರ, ಒಂದೇ ಸಲ ಬರೆಯೋದು.

ಇನ್ನು ಈ ವಸ್ತುವನ್ನ ‘ಸುಧಾರಿಸೋದು’ ಅಂದ್ರೆ ಬರೀ ಸ್ಪೀಡ್ ಅನ್ನೋರು ಅರ್ಧ ಮಾತ್ರ ಹೇಳ್ತಾರೆ. ಅಳಿಸೋ ಲೇಸರ್ ಬಿದ್ದಾಗ ಸೆಕೆಂಡಿನ ಕೋಟಿಯಲ್ಲೊಂದು ಭಾಗದಷ್ಟು ಹೊತ್ತಲ್ಲಿ ಸ್ಫಟಿಕ ಆಗ್ಬೇಕು, ಅದೇ ಚುಕ್ಕೆ ಕಪಾಟಿನಲ್ಲಿ ವರ್ಷಗಟ್ಟಲೆ ಇಟ್ರೂ ತಾನಾಗೇ ಸ್ಫಟಿಕ ಆಗ್ಬಾರದು. ಒಂದನ್ನ ಎಳೆದ್ರೆ ಇನ್ನೊಂದು ಜಾರುತ್ತೆ. 1968ರಲ್ಲಿ ಅಮೆರಿಕದ ಸಂಶೋಧಕ ಓವ್‌ಶಿನ್‌ಸ್ಕಿ ಇಂಥ ಗಾಜುಗಳನ್ನ ಕರೆಂಟಿನಿಂದ ಬದಲಾಯಿಸಿ ತೋರಿಸಿದ್ರು, ಡಿಸ್ಕಿಗೆ ಸರಿಹೊಂದೋ ಜರ್ಮೇನಿಯಂ-ಆಂಟಿಮನಿ-ಟೆಲ್ಯೂರಿಯಂ ಮಿಶ್ರಣ ಸಿಕ್ಕಿದ್ದು ಆಮೇಲೆ, 1980ರ ದಶಕದಲ್ಲಿ ಜಪಾನಿನ ಮತ್ಸುಶಿತಾ ಕಂಪನಿಯಲ್ಲಿ. ಅದಕ್ಕೆ ಚೂರು ನೈಟ್ರೋಜನ್ ಬೆರೆಸಿದ್ರೆ ಸ್ಫಟಿಕ ಆಗೋ ತಾಪಮಾನ ಏರುತ್ತೆ, ಹೆಚ್ಚು ಸಲ ಅಳಿಸಿ ಬರೆದ್ರೂ ತಡೆಯುತ್ತೆ, ಆದ್ರೆ ಜಾಸ್ತಿ ಬೆರೆಸಿದ್ರೆ ಅಳಿಸೋದೇ ನಿಧಾನ ಆಗುತ್ತೆ.